ಗೇಮ್ ಒಂದೇ, ಓಎಸ್ ಮೂರು: ಗ್ರಾಫಿಕ್ಸ್ ಎಪಿಐಗಳ ಜಗಳ

ಒಂದು ಲ್ಯಾಪ್‌ಟಾಪ್ ತಗೊಳ್ಳಿ. ಅದರಲ್ಲಿ ವಿಂಡೋಸ್ ಇದೆ, ಪಕ್ಕದಲ್ಲೇ ಉಬುಂಟು ಡ್ಯುಯಲ್ ಬೂಟ್ ಇದೆ. ಪ್ರೊಸೆಸರ್ ಅದೇ, ಗ್ರಾಫಿಕ್ಸ್ ಕಾರ್ಡ್ ಅದೇ, ರ‍್ಯಾಮ್ ಅದೇ. ವಿಂಡೋಸ್‌ನಲ್ಲಿ ಚೆನ್ನಾಗಿ ಓಡ್ತಿದ್ದ ಗೇಮ್ ಉಬುಂಟುಗೆ ಬಂದ ತಕ್ಷಣ ಯಾಕೆ ಓಡಲ್ಲ? ಕೂಡಿಸು, ಕಳೆ, ಜಂಪ್ ಮಾಡು ಅನ್ನೋ ಮಷೀನ್ ಇನ್‌ಸ್ಟ್ರಕ್ಷನ್‌ಗಳು ಎರಡೂ ಕಡೆ ಒಂದೇ ತಾನೇ? ಜೂನಿಯರ್‌ಗಳು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಇದು ಒಳ್ಳೇದು. ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಸುಮಾರು 30 ವರ್ಷದ ಒಂದು ಜಗಳ ಸಿಗುತ್ತೆ. ಮಿನಿ ಪ್ರಾಜೆಕ್ಟ್‌ಗೆ ಏನು ಕಲೀಬೇಕು ಅನ್ನೋ ತೀರ್ಮಾನಕ್ಕೂ ಆ ಜಗಳಕ್ಕೂ ನೇರ ಸಂಬಂಧ ಇದೆ.

ಗೇಮ್ ಕಾರ್ಡ್ ಜೊತೆ ನೇರವಾಗಿ ಮಾತಾಡಲ್ಲ. ಮಧ್ಯದಲ್ಲಿ ಒಂದು ಎಪಿಐ ಇರುತ್ತೆ, ಅದರ ಕೆಳಗೆ ಕಾರ್ಡ್ ಕಂಪನಿ ಬರೆದ ಡ್ರೈವರ್. 'ಈ ಬಫರ್‌ನಲ್ಲಿ ಶೃಂಗಗಳಿವೆ, ಈ ಟೆಕ್ಸ್‌ಚರ್ ಹಚ್ಚು, ಈ ಶೇಡರ್ ಬಳಸಿ ಇಷ್ಟು ತ್ರಿಕೋನ ಬಿಡಿಸು' ಅಂತ ಗೇಮ್ ಎಪಿಐಗೆ ಹೇಳುತ್ತೆ. ಡ್ರೈವರ್ ಅದನ್ನು ಆ ಕಾರ್ಡ್‌ಗೆ ಮಾತ್ರ ಅರ್ಥ ಆಗುವ ಆಜ್ಞೆಗಳಾಗಿ ಬದಲಾಯಿಸುತ್ತೆ. ವಿಂಡೋಸ್ ಗೇಮ್‌ಗಳಲ್ಲಿ ಹೆಚ್ಚಿನವು ಬಳಸೋದು ಡೈರೆಕ್ಟ್3ಡಿ. ಅದು ಮೈಕ್ರೋಸಾಫ್ಟ್‌ನ ಸೊತ್ತು, ಲಿನಕ್ಸ್‌ನಲ್ಲಿ ಅದು ಬರಲ್ಲ. ಮ್ಯಾಕ್‌ನಲ್ಲಿ ಆ್ಯಪಲ್‌ನ ಮೆಟಲ್. ಎಲ್ಲರಿಗೂ ಸೇರಿದ್ದು ಅಂತ ಇರೋದು ಓಪನ್‌ಜಿಎಲ್, ಆಮೇಲೆ ಬಂದ ವಲ್ಕನ್. ಗೇಮ್‌ಗೆ ಗ್ರಾಫಿಕ್ಸ್ ಒಂದೇ ಅಡ್ಡಿ ಅಲ್ಲ. ಫೈಲ್, ವಿಂಡೋ, ಸೌಂಡ್ ಎಲ್ಲಕ್ಕೂ ಬೇರೆ ಬೇರೆ ಸಿಸ್ಟಂ ಕಾಲ್‌ಗಳಿವೆ. ಆದರೆ ದಶಕಗಳ ಕಾಲ ಬಗೆಹರಿಯದೇ ಉಳಿದ ದೊಡ್ಡ ಅಡ್ಡಿ ಗ್ರಾಫಿಕ್ಸೇ.

ಕಥೆ 1992ಕ್ಕೆ ಹೋಗುತ್ತೆ. ಸಿಲಿಕಾನ್ ಗ್ರಾಫಿಕ್ಸ್ ಅನ್ನೋ ಕಂಪನಿ ದುಬಾರಿ ವರ್ಕ್‌ಸ್ಟೇಷನ್‌ಗಳನ್ನು ಮಾರ್ತಿತ್ತು. ಅವುಗಳಲ್ಲಿದ್ದ ಐರಿಸ್ ಜಿಎಲ್ ಎಂಬ ತನ್ನದೇ ಲೈಬ್ರರಿಯನ್ನು ಸ್ವಚ್ಛಗೊಳಿಸಿ, ಬೇರೆ ಕಂಪನಿಗಳೂ ಅಳವಡಿಸಿಕೊಳ್ಳಬಹುದಾದ ಮಾನದಂಡವಾಗಿ ಹೊರಗೆ ಬಿಟ್ಟಿತು. ಅದೇ ಓಪನ್‌ಜಿಎಲ್. ಅದನ್ನು ನೋಡಿಕೊಳ್ಳೋಕೆ ಒಂದು ಸಮಿತಿ ಆಯ್ತು, ಮೈಕ್ರೋಸಾಫ್ಟ್ ಕೂಡ ಆ ಸಮಿತಿಯಲ್ಲಿತ್ತು. ಆಗ ಅದರ ಗಿರಾಕಿಗಳು ಗೇಮ್‌ನವರಲ್ಲ. ಕ್ಯಾಡ್ ಮಾಡುವವರು, ವಿಜ್ಞಾನಿಗಳು, ಸಿನಿಮಾದವರು.

ಮೈಕ್ರೋಸಾಫ್ಟ್‌ಗೆ ತಲೆನೋವು ಬೇರೆ ಇತ್ತು. ವಿಂಡೋಸ್ 95 ಬರುವ ಹೊತ್ತಿಗೆ ಗೇಮ್ ಬರೆಯುವವರೆಲ್ಲ ಇನ್ನೂ ಡಾಸ್‌ನಲ್ಲೇ ಇದ್ದರು, ಯಾಕೆಂದರೆ ಡಾಸ್‌ನಲ್ಲಿ ಹಾರ್ಡ್‌ವೇರನ್ನು ನೇರವಾಗಿ ಮುಟ್ಟಬಹುದಿತ್ತು. ಅವರನ್ನು ವಿಂಡೋಸ್‌ಗೆ ಎಳೆಯೋಕೆ 1995ರಲ್ಲಿ ಡೈರೆಕ್ಟ್‌ಎಕ್ಸ್ ಬಂತು. ಅದೇ ವರ್ಷ ರೆಂಡರ್‌ಮಾರ್ಫಿಕ್ಸ್ ಅನ್ನೋ ಬ್ರಿಟಿಷ್ ಕಂಪನಿಯನ್ನು ಮೈಕ್ರೋಸಾಫ್ಟ್ ಕೊಂಡುಕೊಂಡಿತು; ಅವರ 3ಡಿ ಲೈಬ್ರರಿಯಿಂದ ಹುಟ್ಟಿದ್ದು ಡೈರೆಕ್ಟ್3ಡಿ, 1996ರಲ್ಲಿ.

ಮೊದಲ ಡೈರೆಕ್ಟ್3ಡಿ ಬಳಸೋದು ನಿಜಕ್ಕೂ ಹಿಂಸೆ. 'ಎಕ್ಸಿಕ್ಯೂಟ್ ಬಫರ್' ಅಂತ ಒಂದು ಮೆಮೊರಿ ತುಂಡಿಗೆ ಸ್ಟ್ರಕ್ಚರ್‌ಗಳನ್ನು ಸರಿಯಾಗಿ ಜೋಡಿಸಿ ತುಂಬಿ ಕಳಿಸಬೇಕಿತ್ತು. ಓಪನ್‌ಜಿಎಲ್‌ನಲ್ಲಿ ಅದೇ ತ್ರಿಕೋನ ನಾಲ್ಕೈದು ಸಾಲು: ಶುರು, ಮೂರು ಶೃಂಗ, ಮುಕ್ತಾಯ. ಡೂಮ್, ಕ್ವೇಕ್ ಗೇಮ್‌ಗಳ ಹಿಂದಿದ್ದ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ 1996ರ ಡಿಸೆಂಬರ್‌ನಲ್ಲಿ ಈ ವ್ಯತ್ಯಾಸವನ್ನೇ ಎತ್ತಿ ತೋರಿಸಿ, ತಾನು ಓಪನ್‌ಜಿಎಲ್ ಪರ ಅಂತ ಸಾರ್ವಜನಿಕವಾಗಿ ಬರೆದರು. ಮುಂದಿನ ತಿಂಗಳೇ ಜಿಎಲ್‌ಕ್ವೇಕ್ ಬಂತು. ಆ ಕಾಲದ ಜನಪ್ರಿಯ ವೂಡೂ ಕಾರ್ಡ್‌ಗೆ ಪೂರ್ತಿ ಓಪನ್‌ಜಿಎಲ್ ಡ್ರೈವರ್ ಇರಲಿಲ್ಲ. ಕ್ವೇಕ್‌ಗೆ ಎಷ್ಟು ಬೇಕೋ ಅಷ್ಟೇ ಫಂಕ್ಷನ್ ಇಟ್ಟು 'ಮಿನಿ ಜಿಎಲ್' ಅಂತ ಮಾಡಿಕೊಟ್ಟರು. ಒಂದು ಗೇಮ್‌ಗೋಸ್ಕರ ಡ್ರೈವರ್ ಬರೆಯೋದು ಅಂದರೆ ಆ ಗೇಮ್‌ನ ತೂಕ ಎಷ್ಟಿತ್ತು ನೋಡಿ!

ಹಾಗಿದ್ದರೆ ಸುಲಭವಾಗಿದ್ದದ್ದು ಯಾಕೆ ಸೋತಿತು? ಮೈಕ್ರೋಸಾಫ್ಟ್ ದುಡ್ಡು ಸುರಿದು ಗೆದ್ದಿತು ಅನ್ನೋದು ಅರ್ಧ ಸತ್ಯ. ಇನ್ನರ್ಧ ಎಂಜಿನಿಯರಿಂಗ್.

1997ರ ಡೈರೆಕ್ಟ್‌ಎಕ್ಸ್ 5ರಲ್ಲಿ ಎಕ್ಸಿಕ್ಯೂಟ್ ಬಫರ್‌ನ ಕಾಟ ಕಡಿಮೆಯಾಗಿ, ನೇರವಾಗಿ 'ಬಿಡಿಸು' ಅನ್ನೋ ಕಾಲ್ ಬಂತು. ಆಮೇಲೆ ಹೆಚ್ಚು ಕಡಿಮೆ ವರ್ಷಕ್ಕೊಂದು ಆವೃತ್ತಿ. 2000ದ ಕೊನೆಯಲ್ಲಿ ಬಂದ ಡೈರೆಕ್ಟ್‌ಎಕ್ಸ್ 8ರಲ್ಲಿ ಶೇಡರ್‌ಗಳು ಬಂದವು. ಅಂದರೆ ಪಿಕ್ಸೆಲ್‌ಗೆ ಯಾವ ಬಣ್ಣ ಅನ್ನೋದನ್ನು ನಾವೇ ಬರೆದ ಚಿಕ್ಕ ಪ್ರೋಗ್ರಾಂ ನಿರ್ಧರಿಸುತ್ತೆ. ಎರಡು ವರ್ಷದಲ್ಲಿ ಡೈರೆಕ್ಟ್‌ಎಕ್ಸ್ 9, ಸಿ ಥರದ ಶೇಡರ್ ಭಾಷೆ ಜೊತೆಗೆ. ಓಪನ್‌ಜಿಎಲ್‌ನಲ್ಲಿ ಹೊಸದೇನಾದರೂ ಬೇಕಾದರೆ ಮೊದಲು ಕಂಪನಿಗಳು ತಮ್ಮ ತಮ್ಮ 'ಎಕ್ಸ್‌ಟೆನ್ಷನ್' ಬಿಡ್ತಿದ್ದವು. ಎನ್ವಿಡಿಯಾದ್ದು ಒಂದು, ಎಟಿಐನದ್ದು ಇನ್ನೊಂದು. ಒಂದೇ ಎಫೆಕ್ಟ್‌ಗೆ ಎರಡು ಸಲ ಕೋಡ್ ಬರೀಬೇಕು. ಸಮಿತಿ ಒಪ್ಪಿ, ಶೇಡರ್ ಭಾಷೆ ಮುಖ್ಯ ಮಾನದಂಡಕ್ಕೆ ಸೇರೋ ಹೊತ್ತಿಗೆ 2004 ಆಗಿತ್ತು. ಇದರ ಮಧ್ಯೆ 2001ರಲ್ಲಿ ಎಕ್ಸ್‌ಬಾಕ್ಸ್ ಬಂತು. ಹೆಸರೇ 'ಡೈರೆಕ್ಟ್‌ಎಕ್ಸ್ ಬಾಕ್ಸ್' ಅನ್ನೋದರಿಂದ ಬಂದದ್ದು. ಒಂದು ಎಪಿಐ ಕಲಿತರೆ ಪಿಸಿ ಮತ್ತು ಕನ್ಸೋಲ್ ಎರಡಕ್ಕೂ ಆಗುತ್ತೆ ಅಂದ ಮೇಲೆ ಸ್ಟುಡಿಯೋದವರು ಇನ್ನೇನು ಯೋಚಿಸ್ತಾರೆ?

ಓಪನ್‌ಜಿಎಲ್‌ಗೆ ಇನ್ನೊಂದು ಅವಕಾಶ ಇತ್ತು. 2006ರಲ್ಲಿ ಅದರ ಜವಾಬ್ದಾರಿ ಕ್ರೋನಾಸ್ ಗ್ರೂಪ್‌ಗೆ ಹೋಯ್ತು. ಹಳೇದನ್ನೆಲ್ಲ ಬಿಟ್ಟು ಹೊಸ ರಚನೆಯಲ್ಲಿ ಬರೀತೀವಿ ಅಂದರು. ಡೈರೆಕ್ಟ್‌ಎಕ್ಸ್ 10 ವಿಸ್ಟಾಗೆ ಮಾತ್ರ ಅಂತ ಮೈಕ್ರೋಸಾಫ್ಟ್ ಬೇರೆ ಹಟ ಹಿಡಿದಿತ್ತು, ಎಕ್ಸ್‌ಪಿ ಬಿಡದ ಗೇಮರ್‌ಗಳು ಸಿಟ್ಟಾಗಿದ್ದರು. ಸಮಯ ಇದಕ್ಕಿಂತ ಚೆನ್ನಾಗಿ ಕೂಡಿ ಬರೋದಿಲ್ಲ. ಆದರೆ 2008ರ ಆಗಸ್ಟ್‌ನಲ್ಲಿ ಓಪನ್‌ಜಿಎಲ್ 3.0 ಬಂದಾಗ ಆ ಹೊಸ ರಚನೆ ಅದರಲ್ಲಿರಲಿಲ್ಲ. ಹಳೆಯ ಕೋಡ್ ಮುರಿಯಬಾರದು ಅನ್ನೋ ಕಾಳಜಿ ಗೆದ್ದಿತ್ತು. ನಮ್ಮ ಅಭಿಪ್ರಾಯದಲ್ಲಿ ಪಿಸಿ ಗೇಮ್‌ಗಳ ಮಟ್ಟಿಗೆ ಆಟ ಮುಗಿದದ್ದು ಅಲ್ಲೇ. ಫೋನ್‌ಗಳಲ್ಲಿ ಮಾತ್ರ ಅದರ ತಮ್ಮ ಓಪನ್‌ಜಿಎಲ್ ಇಎಸ್ ಆಂಡ್ರಾಯ್ಡ್, ಐಫೋನ್ ಎರಡನ್ನೂ ಹಿಡಿದುಕೊಂಡಿತ್ತು.

ನಮ್ಮ ಲ್ಯಾಬ್ ವಿಷಯ ಇಲ್ಲೇ ಹೇಳಿಬಿಡೋಣ. ವಿಟಿಯು ಆರನೇ ಸೆಮಿಸ್ಟರ್ ಗ್ರಾಫಿಕ್ಸ್ ಲ್ಯಾಬ್ ಅಂದ್ರೆ ಸೀನಿಯರ್‌ಗಳಿಗೆ ನೆನಪಾಗೋದು ಬಣ್ಣದ ಕ್ಯೂಬ್ ತಿರುಗಿಸೋದು, ಸಿಯರ್‌ಪಿನ್‌ಸ್ಕಿ ಗ್ಯಾಸ್ಕೆಟ್, ಬೆಜಿಯರ್ ಕರ್ವ್‌ನಲ್ಲಿ ಬಾವುಟ ಹಾರಿಸೋದು. ಆ ಪ್ರೋಗ್ರಾಂಗಳ 'ಬಿಗಿನ್–ಎಂಡ್' ಶೈಲಿ 1992ರದ್ದೇ. 2009ರ ಓಪನ್‌ಜಿಎಲ್ 3.1ರಲ್ಲಿ ಅದನ್ನು ಮುಖ್ಯ ಮಾನದಂಡದಿಂದ ತೆಗೆದಾಗಿದೆ. ಡ್ರೈವರ್‌ಗಳು ಹಳೆಯ ಕೋಡ್‌ಗೋಸ್ಕರ ಇನ್ನೂ ಇಟ್ಟುಕೊಂಡಿವೆ, ಅಷ್ಟೇ. ಮ್ಯಾಟ್ರಿಕ್ಸ್, ಕ್ಲಿಪ್ಪಿಂಗ್, ಲೈಟಿಂಗ್ ಅರ್ಥ ಮಾಡಿಕೊಳ್ಳೋಕೆ ಅದು ಸಾಕು. ಇವತ್ತಿನ ಕಾರ್ಡ್ ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನು ಮಾತ್ರ ಅದು ಹೇಳಿಕೊಡಲ್ಲ. ಒಂದೊಂದು ಶೃಂಗಕ್ಕೂ ಒಂದೊಂದು ಫಂಕ್ಷನ್ ಕಾಲ್ ಮಾಡೋದು ಇವತ್ತಿನ ಕಾರ್ಡ್‌ಗೆ ತೀರಾ ಅಸಹಜ.

ಯಾಕೆ ಅಸಹಜ ಅನ್ನೋದಕ್ಕೆ ದರ್ಶಿನಿ ಉದಾಹರಣೆ ನೋಡೋಣ. ಹತ್ತು ಜನ ತಿಂಡಿಗೆ ಹೋಗಿದ್ದೀವಿ. ಒಬ್ಬ ಕ್ಯಾಷಿಯರ್ ಹತ್ರ ಹೋಗಿ ಒಂದು ಇಡ್ಲಿ ಟೋಕನ್ ತಗೊಂಡು, ಕೌಂಟರ್‌ಗೆ ಕೊಟ್ಟು ಬಂದು, ಮತ್ತೆ ಕ್ಯೂ ನಿಂತು ಒಂದು ವಡೆ ಟೋಕನ್ ತಗೊಂಡರೆ ಅಡುಗೆಮನೆ ಖಾಲಿ ಕೂತಿರುತ್ತೆ, ನಾವೂ ಹಸಿದಿರ್ತೀವಿ. ಪ್ರತಿ ಸಲವೂ ಕ್ಯಾಷಿಯರ್ ಚಿಲ್ಲರೆ ನೋಡಬೇಕು, ವಡೆ ಇದೆಯಾ ಅಂತ ಕೇಳಬೇಕು. ಹಳೆಯ ಎಪಿಐಗಳಲ್ಲಿ ಡ್ರೈವರ್ ಆ ಕ್ಯಾಷಿಯರ್ ಥರ. ಪ್ರತಿ ಡ್ರಾ ಕಾಲ್‌ಗೂ ಸ್ಥಿತಿ ಸರಿ ಇದೆಯಾ, ಟೆಕ್ಸ್‌ಚರ್ ಇನ್ನೂ ಮೆಮೊರಿಯಲ್ಲಿದೆಯಾ, ಈ ಬ್ಲೆಂಡಿಂಗ್‌ಗೆ ಶೇಡರ್ ಮತ್ತೆ ಕಂಪೈಲ್ ಮಾಡಬೇಕಾ ಅಂತೆಲ್ಲ ನೋಡುತ್ತೆ. ಸೆಕೆಂಡಿಗೆ 60 ಫ್ರೇಮ್ ಬೇಕಂದರೆ ಒಂದು ಫ್ರೇಮ್‌ಗೆ ಸಿಗೋದು 16.67 ಮಿಲಿಸೆಕೆಂಡ್. ಅದರೊಳಗೆ ಸಾವಿರಾರು ಡ್ರಾ ಕಾಲ್ ಹೋಗಬೇಕು. ಅದೂ ಓಪನ್‌ಜಿಎಲ್‌ನಲ್ಲಿ ಒಂದು ಕಾಂಟೆಕ್ಸ್ಟ್ ಒಂದು ಸಮಯಕ್ಕೆ ಒಂದೇ ಥ್ರೆಡ್‌ಗೆ ಸೇರಿದ್ದು. ಎಂಟು ಕೋರ್ ಇದ್ದರೂ ಕ್ಯೂನಲ್ಲಿ ನಿಲ್ಲೋದು ಒಬ್ಬನೇ.

ಹೊಸ ಎಪಿಐಗಳ ಮೂಲ ಉಪಾಯ ಚೀಟಿ ಬರೆಯೋದು. ಹತ್ತು ಜನರ ಆರ್ಡರನ್ನು ನಾಲ್ಕು ಜನ ನಾಲ್ಕು ಚೀಟಿಯಲ್ಲಿ ಒಟ್ಟಿಗೇ ಬರೆದು, ಕೊನೆಗೆ ಒಂದೇ ಸಲ ಕೊಡೋದು. ಅದು ಕಮಾಂಡ್ ಬಫರ್. ಪರಿಶೀಲನೆಯನ್ನು ಆಟದ ಮಧ್ಯೆ ಮಾಡೋ ಬದಲು ಲೋಡ್ ಆಗುವಾಗಲೇ ಮುಗಿಸೋದು. ಶೇಡರ್, ಬ್ಲೆಂಡಿಂಗ್, ಡೆಪ್ತ್ ಟೆಸ್ಟ್ ಎಲ್ಲ ಸೇರಿಸಿ ಮೊದಲೇ ಕಟ್ಟಿಟ್ಟ ಗಂಟು, ಅದಕ್ಕೆ ಪೈಪ್‌ಲೈನ್ ಅಂತಾರೆ.

ಈ ದಾರಿಯನ್ನು ಪಿಸಿಯಲ್ಲಿ ಮೊದಲು ಮಾಡಿ ತೋರಿಸಿದ್ದು ಎಎಂಡಿ, 2013ರಲ್ಲಿ ಮ್ಯಾಂಟಲ್ ಅನ್ನೋ ಎಪಿಐ ಮೂಲಕ. ಬ್ಯಾಟಲ್‌ಫೀಲ್ಡ್ 4 ಅದನ್ನು ಬಳಸಿತು. ಆಮೇಲೆ ಎಲ್ಲರಿಗೂ ಒಟ್ಟಿಗೇ ಎಚ್ಚರ ಆಯ್ತು. 2014ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಡೈರೆಕ್ಟ್‌ಎಕ್ಸ್ 12 ಘೋಷಿಸಿತು, ಜೂನ್‌ನಲ್ಲಿ ಆ್ಯಪಲ್ ಐಫೋನ್‌ಗೆ ಮೆಟಲ್ ತಂದಿತು, ಮುಂದಿನ ವರ್ಷ ಮ್ಯಾಕ್‌ಗೂ. ಎಎಂಡಿ ಮ್ಯಾಂಟಲನ್ನು ಕ್ರೋನಾಸ್‌ಗೆ ಕೊಟ್ಟಿತು. ಅದರ ತಳಹದಿಯ ಮೇಲೆ 2016ರ ಫೆಬ್ರವರಿಯಲ್ಲಿ ವಲ್ಕನ್ 1.0 ಬಂತು. ವಿಚಿತ್ರ ಏನಂದ್ರೆ, ಮೂರೂ ಎಪಿಐಗಳ ಒಳಗಿನ ವಿಚಾರ ಬಹುತೇಕ ಒಂದೇ. ಆದರೂ ಮೂರು ಬೇರೆ ಬೇರೆ ಶೇಡರ್ ಭಾಷೆ, ಮೂರು ಬೇರೆ ಹೆಸರು, ಮೂರು ಬೇರೆ ಬೇಲಿ.

ಬೇಲಿ ಅಂದಿದ್ದು ಸುಮ್ಮನೆ ಅಲ್ಲ. 2018ರ ಜೂನ್‌ನಲ್ಲಿ ಆ್ಯಪಲ್ ತನ್ನ ಸಿಸ್ಟಂಗಳಲ್ಲಿ ಓಪನ್‌ಜಿಎಲ್‌ಗೆ 'ಇನ್ನು ಬಳಸಬೇಡಿ' ಅನ್ನೋ ಸ್ಥಾನ ಕೊಟ್ಟಿತು. ಮ್ಯಾಕ್‌ನಲ್ಲಿ ಅದು 4.1ರಲ್ಲೇ ನಿಂತಿದೆ, ವಲ್ಕನ್‌ಗೆ ಆ್ಯಪಲ್‌ನ ಡ್ರೈವರ್ ಇಲ್ಲವೇ ಇಲ್ಲ. ಹಾರ್ಡ್‌ವೇರ್‌ಗೆ ಆಗಲ್ಲ ಅನ್ನೋ ಹಾಗೂ ಇಲ್ಲ. ಆ್ಯಪಲ್‌ನ ಎಂ1 ಚಿಪ್ ಮೇಲೆ ಲಿನಕ್ಸ್ ಓಡಿಸುವ ಆಸಾಹಿ ಲಿನಕ್ಸ್ ತಂಡದವರು ಕಂಪನಿಯ ದಾಖಲೆ ಇಲ್ಲದೇ, ಚಿಪ್‌ನ ನಡವಳಿಕೆ ನೋಡಿ ನೋಡಿ ಡ್ರೈವರ್ ಬರೆದರು. 2024ರಲ್ಲಿ ಅದೇ ಚಿಪ್‌ಗೆ ಓಪನ್‌ಜಿಎಲ್ 4.6 ಮತ್ತು ವಲ್ಕನ್ 1.3 ಎರಡರ ಅಧಿಕೃತ ಪರೀಕ್ಷೆಯನ್ನೂ ಪಾಸ್ ಮಾಡಿಸಿದರು. ಚಿಪ್ ಮಾಡಿದವರು ಕೊಡದ್ದನ್ನು ಹೊರಗಿನವರು ಕೊಟ್ಟರು. ನಮಗಂತೂ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ಭಾಗ ಇದು.

ಈಗ ಮೊದಲ ಪ್ರಶ್ನೆಗೆ ವಾಪಸ್ ಬರೋಣ: ಉಬುಂಟುನಲ್ಲಿ ಗೇಮ್. ಸ್ಟೀಮ್ ನಡೆಸುವ ವಾಲ್ವ್ ಕಂಪನಿ 2012ರಲ್ಲಿ ಲೆಫ್ಟ್ 4 ಡೆಡ್ 2 ಗೇಮನ್ನು ಲಿನಕ್ಸ್‌ಗೆ ತಂದಿತು. ಮೊದಲ ಸಲ ಓಡಿಸಿದಾಗ ಸೆಕೆಂಡಿಗೆ 6 ಫ್ರೇಮ್. ತಿದ್ದಿ ತಿದ್ದಿ ಕೊನೆಗೆ ಓಪನ್‌ಜಿಎಲ್‌ನಲ್ಲಿ 315 ಬಂತು. ಅದೇ ಯಂತ್ರದ ವಿಂಡೋಸ್‌ನಲ್ಲಿ ಡೈರೆಕ್ಟ್3ಡಿ ಆವೃತ್ತಿ 270.6 ಕೊಡ್ತಿತ್ತು. ಎಪಿಐ ಹಳೇದಾದರೂ ಡ್ರೈವರ್ ಬರೆಯುವವರು ಪಕ್ಕದಲ್ಲಿ ಕೂತರೆ ಏನಾಗುತ್ತೆ ಅನ್ನೋದಕ್ಕೆ ಇದು ಸಾಕ್ಷಿ. ಆದರೆ ಹೀಗೆ ಒಂದೊಂದೇ ಗೇಮನ್ನು ಕೂತು ತಿದ್ದೋದು ಎಷ್ಟು ದಿನ? ಮೂರು ವರ್ಷದ ಮೇಲೆ ಬಂದ ಅವರ ಲಿನಕ್ಸ್ ಆಧಾರಿತ ಸ್ಟೀಮ್ ಮಷೀನ್‌ಗಳು ಗೇಮ್‌ಗಳೇ ಸಾಲದೆ ಮೂಲೆ ಸೇರಿದವು.

ಬಾಗಿಲು ತೆರೆದದ್ದು ಅನುವಾದ. ವೈನ್ ಅನ್ನೋ ಸಾಫ್ಟ್‌ವೇರ್ ವಿಂಡೋಸ್ ಕಾಲ್‌ಗಳನ್ನು ಲಿನಕ್ಸ್ ಕಾಲ್‌ಗಳಾಗಿ ಬದಲಾಯಿಸೋದು ಹಳೆಯ ಸಂಗತಿ. ಡೈರೆಕ್ಟ್3ಡಿಯನ್ನು ಅದು ಓಪನ್‌ಜಿಎಲ್‌ಗೆ ಬದಲಾಯಿಸ್ತಿತ್ತು. ತೊಂದರೆ ಏನಂದ್ರೆ, ಒಂದು ದಪ್ಪ ಎಪಿಐ ಮೇಲೆ ಇನ್ನೊಂದು ದಪ್ಪ ಎಪಿಐ. ಎರಡು ಕ್ಯಾಷಿಯರ್, ಇಬ್ಬರೂ ಚಿಲ್ಲರೆ ಎಣಿಸ್ತಾರೆ. ವಲ್ಕನ್ ಬಂದಾಗ ಕೆಳಗಿನ ಪದರ ತೆಳ್ಳಗಾಯ್ತು. ಜರ್ಮನಿಯ ಫಿಲಿಪ್ ರೆಬೋಲೆ ಅನ್ನೋ ಪ್ರೋಗ್ರಾಮರ್‌ಗೆ ನೀರ್: ಆಟೊಮ್ಯಾಟಾ ಗೇಮನ್ನು ಲಿನಕ್ಸ್‌ನಲ್ಲಿ ಆಡಬೇಕಿತ್ತು. ಅದಕ್ಕೋಸ್ಕರ ಡೈರೆಕ್ಟ್3ಡಿ 11 ಕಾಲ್‌ಗಳನ್ನು ವಲ್ಕನ್‌ಗೆ ಬದಲಾಯಿಸುವ ಡಿಎಕ್ಸ್‌ವಿಕೆ ಬರೆಯೋಕೆ ಶುರು ಮಾಡಿದರು. ವಾಲ್ವ್ ಅವರ ಕೆಲಸಕ್ಕೆ ಬೆಂಬಲ ಕೊಟ್ಟಿತು. ವೈನ್, ಡಿಎಕ್ಸ್‌ವಿಕೆ ಎರಡನ್ನೂ ಒಟ್ಟಿಗೆ ಕಟ್ಟಿ 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಅಂತ ಬಿಟ್ಟಿತು. 2022ರ ಫೆಬ್ರವರಿಯಲ್ಲಿ ಬಂದ ಸ್ಟೀಮ್ ಡೆಕ್ ನಿಂತಿರೋದು ಇದರ ಮೇಲೆಯೇ. ಆ್ಯಪಲ್ ಕೂಡ 2023ರಲ್ಲಿ ಡೈರೆಕ್ಟ್3ಡಿಯನ್ನು ಮೆಟಲ್‌ಗೆ ಬದಲಾಯಿಸುವ ಟೂಲ್‌ಕಿಟ್ ಬಿಟ್ಟಿತು. 'ನಮ್ಮ ಗೇಟ್ ಒಳಗೆ ನಮ್ಮ ಎಪಿಐ ಮಾತ್ರ' ಅಂದವರೂ ಅನುವಾದದ ದಾರಿಗೆ ಬಂದರು.

ಅನುವಾದ ಅಂದರೆ ಹೆಸರು ಬದಲಾಯಿಸೋದು ಅಷ್ಟೇ ಅಂದುಕೊಳ್ಳಬೇಡಿ. ಎರಡು ಉದಾಹರಣೆ ಸ್ವಲ್ಪ ವಿವರವಾಗಿ ನೋಡೋಣ, ಪ್ರಾಜೆಕ್ಟ್‌ನಲ್ಲಿ ಎರಡೂ ಕಾಡುತ್ತವೆ.

ಮೊದಲನೇದು ಆಳ. ಪ್ರೊಜೆಕ್ಷನ್ ಆದ ಮೇಲೆ ಓಪನ್‌ಜಿಎಲ್‌ನಲ್ಲಿ ಝಡ್ ಬೆಲೆ −1ರಿಂದ 1ರವರೆಗೆ. ಡೈರೆಕ್ಟ್3ಡಿ, ವಲ್ಕನ್, ಮೆಟಲ್ ಮೂರರಲ್ಲೂ 0ರಿಂದ 1. ಒಂದರ ಮ್ಯಾಟ್ರಿಕ್ಸ್ ಇನ್ನೊಂದಕ್ಕೆ ಹಾಕಿದರೆ ಹತ್ತಿರದ ವಸ್ತುಗಳು ಕತ್ತರಿಸಿ ಮಾಯ ಆಗ್ತವೆ. ಓಪನ್‌ಜಿಎಲ್‌ನಿಂದ ಆ ಕಡೆ ಹೋಗೋಕೆ ಕ್ಲಿಪ್ ಸ್ಪೇಸ್‌ನಲ್ಲಿ ಹೊಸ ಝಡ್ = (ಝಡ್ + ಡಬ್ಲ್ಯು) / 2 ಅಂತ ಮಾಡಿದರೆ ಆಯ್ತು. ಆದರೆ ಇದರಲ್ಲಿ ನಿಖರತೆಯ ಪ್ರಶ್ನೆ ಇದೆ. ಫ್ಲೋಟ್ ಸಂಖ್ಯೆಗಳು ಸೊನ್ನೆಯ ಹತ್ತಿರ ತುಂಬ ದಟ್ಟವಾಗಿರುತ್ತವೆ, 1ರ ಹತ್ತಿರ ವಿರಳ. ಪರ್ಸ್‌ಪೆಕ್ಟಿವ್ ಭಾಗಾಕಾರ ದೂರದ ವಸ್ತುಗಳನ್ನೆಲ್ಲ 1ರ ಹತ್ತಿರ ಗುಂಪು ಹಾಕುತ್ತೆ. ಅದಕ್ಕೇ ಇವತ್ತಿನ ಗೇಮ್‌ಗಳು ಹತ್ತಿರಕ್ಕೆ 1, ದೂರಕ್ಕೆ 0 ಅಂತ ಉಲ್ಟಾ ಇಡ್ತವೆ. ಆಗ ಎರಡು ದೋಷ ಒಂದನ್ನೊಂದು ಸರಿದೂಗಿಸ್ತವೆ. −1ರಿಂದ 1ರ ವ್ಯವಸ್ಥೆಯಲ್ಲಿ ಕೊನೆಗೆ 0.5 ಕೂಡಿಸೋ ಹೊತ್ತಿಗೆ ಆ ಲಾಭವೆಲ್ಲ ಹೋಗಿಬಿಡುತ್ತೆ. ಓಪನ್‌ಜಿಎಲ್ ಇದಕ್ಕೆ ಪರಿಹಾರ ಕೊಟ್ಟದ್ದು 2014ರ 4.5ರಲ್ಲಿ. ಮ್ಯಾಕ್ ನಿಂತಿರೋದು 4.1ರಲ್ಲಿ ಅನ್ನೋದು ನೆನಪಿರಲಿ. ಜೊತೆಗೆ, ಕ್ಲಿಪ್ ಸ್ಪೇಸ್‌ನಲ್ಲಿ ವಲ್ಕನ್‌ನ ವೈ ಅಕ್ಷ ಕೆಳಮುಖ, ಉಳಿದ ಮೂರರಲ್ಲಿ ಮೇಲ್ಮುಖ. ಮೊದಲ ಸಲ ವಲ್ಕನ್‌ಗೆ ಬಂದವರ ಮಾಡೆಲ್ ತಲೆಕೆಳಗಾಗಿ ನಿಲ್ಲೋದು ಅದಕ್ಕೇ.

ಎರಡನೇದು ಜರ್ಕ್. ಹಳೆಯ ಡೈರೆಕ್ಟ್3ಡಿಯಲ್ಲಿ ಗೇಮ್ ಶೇಡರ್‌ಗಳನ್ನು ಬಿಡಿಬಿಡಿಯಾಗಿ ಕೊಟ್ಟು, ಬ್ಲೆಂಡಿಂಗ್ ಮುಂತಾದ್ದನ್ನು ಆಮೇಲೆ ಯಾವಾಗ ಬೇಕಾದರೂ ಬದಲಾಯಿಸಬಹುದು. ವಲ್ಕನ್ ಎಲ್ಲ ಸೇರಿದ ಗಂಟನ್ನೇ ಮೊದಲು ಕೇಳುತ್ತೆ. ಹಾಗಾಗಿ ಡ್ರಾ ಕಾಲ್ ಬರೋವರೆಗೂ ಯಾವ ಗಂಟು ಬೇಕು ಅಂತ ಅನುವಾದಕನಿಗೆ ಗೊತ್ತಾಗಲ್ಲ. ಗೊತ್ತಾದ ಮೇಲೆ ಕಂಪೈಲ್ ಮಾಡೋಕೆ ಎಷ್ಟೋ ಮಿಲಿಸೆಕೆಂಡ್ ಬೇಕು. ನಮ್ಮ ಹತ್ರ ಇರೋದು ಹದಿನಾರು. ಹೊಸ ಶತ್ರು ಪರದೆ ಮೇಲೆ ಬಂದ ಕ್ಷಣದಲ್ಲಿ ಗೇಮ್ ಒಂದು ಸಲ ತಡವರಿಸೋದು ಇದರಿಂದ. ಗಂಟನ್ನು ತುಂಡುಗಳಾಗಿ ಮೊದಲೇ ಕಂಪೈಲ್ ಮಾಡಿ, ಬೇಕಾದಾಗ ಬೇಗ ಜೋಡಿಸುವ ಎಕ್ಸ್‌ಟೆನ್ಷನ್ 2022ರಲ್ಲಿ ವಲ್ಕನ್‌ಗೆ ಬಂದ ಮೇಲೆ ಈ ಕಾಟ ತುಂಬ ಕಡಿಮೆಯಾಗಿದೆ.

ಇಷ್ಟೆಲ್ಲ ಆದರೂ ವ್ಯಾಲರಂಟ್ ಉಬುಂಟುನಲ್ಲಿ ಓಡಲ್ಲ. ಅದಕ್ಕೆ ಕಾರಣ ಗ್ರಾಫಿಕ್ಸ್ ಅಲ್ಲ, ವಿಂಡೋಸ್ ಕರ್ನಲ್ ಒಳಗೆ ಕೂರುವ ಆ್ಯಂಟಿ ಚೀಟ್. ಎಪೆಕ್ಸ್ ಲೆಜೆಂಡ್ಸ್ ಪ್ರೋಟಾನ್‌ನಲ್ಲಿ ಓಡ್ತಾ ಇತ್ತು. 2024ರಲ್ಲಿ ಕಂಪನಿಯೇ ಲಿನಕ್ಸನ್ನು ಹೊರಗೆ ಹಾಕಿತು. ಒಂದು ಬೇಲಿ ಬಿದ್ದ ಕಡೆ ಇನ್ನೊಂದು ಎದ್ದಿದೆ. ಅದನ್ನು ಅನುವಾದದಿಂದ ದಾಟೋಕಾಗಲ್ಲ. ಡ್ಯುಯಲ್ ಬೂಟ್ ತೆಗೀಬೇಕು ಅಂತ ಯೋಚಿಸ್ತಿರೋರು ತಮ್ಮ ಗೇಮ್ ಯಾವುದು ಅಂತ ಮೊದಲು ನೋಡಿಕೊಳ್ಳಿ.

ಕಲಿಯೋದು ಯಾವುದು? ಗೇಮ್ ಮಾಡಬೇಕು ಅಷ್ಟೇ ಅನ್ನೋರಿಗೆ ಎಪಿಐ ಗೊಡವೆಯೇ ಬೇಡ. ಗೊಡೋ, ಯೂನಿಟಿ, ಅನ್‌ರಿಯಲ್ ಎಂಜಿನ್‌ಗಳು ಅದನ್ನು ನೋಡಿಕೊಳ್ತವೆ. ಎಂಜಿನ್ ಒಳಗೆ ಅಥವಾ ಡ್ರೈವರ್‌ನಲ್ಲಿ ಕೆಲಸ ಮಾಡಬೇಕು ಅನ್ನೋರಿಗೆ ಮಾತು ಬೇರೆ. ಇಂಟೆಲ್, ಎಎಂಡಿ, ಎನ್ವಿಡಿಯಾ ಮೂರಕ್ಕೂ ಬೆಂಗಳೂರಿನಲ್ಲಿ ದೊಡ್ಡ ಎಂಜಿನಿಯರಿಂಗ್ ಕಚೇರಿಗಳಿರೋದರಿಂದ ಇದು ದೂರದ ಕನಸಲ್ಲ. ನೇರ ವಲ್ಕನ್‌ನಿಂದ ಶುರು ಮಾಡಿ ಅಂತ ನಾವು ಹೇಳಲ್ಲ. ಒಂದು ತ್ರಿಕೋನಕ್ಕೆ ಸುಮಾರು ಸಾವಿರ ಸಾಲು ಬರೀಬೇಕು. ಮೆಮೊರಿ ಹಂಚಿಕೆ, ಸಿಂಕ್ರೊನೈಸೇಷನ್ ಎಲ್ಲ ನಮ್ಮ ತಲೆ ಮೇಲೇ. ಮೊದಲು ಶೇಡರ್ ಶೈಲಿಯ ಓಪನ್‌ಜಿಎಲ್ 3.3, ಅದರಲ್ಲಿ ಒಂದು ಪೂರ್ತಿ ಪ್ರಾಜೆಕ್ಟ್; ಅದು ಲ್ಯಾಬ್‌ನ ಲಿನಕ್ಸ್, ಹಾಸ್ಟೆಲ್‌ನ ವಿಂಡೋಸ್, ಗೆಳೆಯರ ಮ್ಯಾಕ್ ಮೂರರಲ್ಲೂ ಇವತ್ತಿಗೂ ಓಡುತ್ತೆ. ಆಮೇಲೆ ವಲ್ಕನ್. ಬರೆಯುವಾಗ ವ್ಯಾಲಿಡೇಷನ್ ಲೇಯರ್ ಆನ್ ಇಟ್ಟುಕೊಳ್ಳಿ, ಇಲ್ಲದಿದ್ದರೆ ವಲ್ಕನ್ ತಪ್ಪು ಹೇಳೋದೇ ಇಲ್ಲ, ಕಪ್ಪು ಪರದೆ ತೋರಿಸಿ ಸುಮ್ಮನಾಗುತ್ತೆ.

ಓದಿದ್ದನ್ನು ಕಣ್ಣಾರೆ ನೋಡಬೇಕಾದರೆ ಒಂದು ಸಂಜೆಯ ಕೆಲಸ ಇದೆ. ಲಿನಕ್ಸ್‌ನಲ್ಲಿ ಸ್ಟೀಮ್ ಹಾಕಿ, ಡೈರೆಕ್ಟ್3ಡಿ 11 ಬಳಸುವ ಯಾವುದಾದರೂ ಉಚಿತ ವಿಂಡೋಸ್ ಗೇಮನ್ನು ಪ್ರೋಟಾನ್ ಮೂಲಕ ಓಡಿಸಿ, ಡಿಎಕ್ಸ್‌ವಿಕೆಯ ಪರದೆ ಸೂಚಕ ಆನ್ ಮಾಡಿ ಫ್ರೇಮ್ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಪ್ರೋಟಾನ್‌ನ ಲಾಂಚ್ ಆಪ್ಷನ್‌ನಲ್ಲಿ ವೈನ್‌ನ ಹಳೆಯ ಓಪನ್‌ಜಿಎಲ್ ದಾರಿ ಆರಿಸಿ, ಅದೇ ಗೇಮಿನ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಈ ಸಲ ಆ ಸೂಚಕ ಬರಲ್ಲ, ಸ್ಟೀಮ್‌ನ ಸ್ವಂತ ಫ್ರೇಮ್ ಕೌಂಟರ್ ಬಳಸಿ. ಎರಡೂ ಸಲ ಸಿಪಿಯುನ ಯಾವ ಕೋರ್ ಎಷ್ಟು ಬಿಸಿಯಾಗಿದೆ ಅಂತ ಇನ್ನೊಂದು ಟರ್ಮಿನಲ್‌ನಲ್ಲಿ ನೋಡ್ತಿರಿ.